ಹೆಲ್ಮೆಟ್ಟಿನಾಗಿನ ಐಸ್‌ಕ್ರೀಮು

ನಮ್ಮ ಅಡಿಗಿಮನಿ ಕಟ್ಟಿ ಮ್ಯಾಲೆ, ಉಪ್ಪಿನ ಭರಣಿ ಪಕ್ಕಕ್ಕ, ಒಂದು ಸಣ್ಣ ಪ್ಲಾಸ್ಟಿಕ್ ಹೆಲ್ಮೆಟ್ ಅದ. ಗೊಂಬಿ ತಲಿಗೆ ಆಗೂವಷ್ಟು ಸಣ್ಣದು. ಕರೇ ಬಣ್ಣ, ಮುಂದ ಕಿತ್ತಳಿ ಬಣ್ಣದ ಅಕ್ಷರ. ಅದನ್ನ ಅಂಗಾತ ಇಟ್ಟು ಒಳಗ ಬಳ್ಳೊಳ್ಳಿ ಹಾಕೇನಿ. ಮನಿಗೆ ಬಂದವ್ರು ನೋಡಿ, “ಇದೇನ್ರಿ, ಬಳ್ಳೊಳ್ಳಿಗೂ ಹೆಲ್ಮೆಟ್ ಹಾಕೀರಿ?” ಅಂತ ನಗ್ತಾರ. ನಾನೂ ನಗ್ತೀನಿ. ಅದರ ಕಥಿ ಹೇಳಬೇಕಂದ್ರ ಒಂದು ಭಾನುವಾರದ ಕಥಿ ಹೇಳಬೇಕು. ಆ ಭಾನುವಾರದ್ದು ಹೇಳಬೇಕಂದ್ರ ನಮ್ಮ ಹುಡುಗನ ಕಥಿ ಹೇಳಬೇಕು. ಬಂದವರು ಒಂದು ಕಪ್ ಚಾ ಕುಡಿದು ಏಳೂದ್ರಾಗ ಅಷ್ಟೆಲ್ಲ ಮುಗಿಯೂದಿಲ್ಲ. ಅದಕ್ಕ ಇಲ್ಲೆ ಬರೀತೀನಿ.

ನಮ್ಮ ಮಗ ಹುಟ್ಟಿದ್ದು 2012ರ ಅಕ್ಟೋಬರ್ ಕಡೀ ವಾರದಾಗ. ನಾವಿರೂದು ಕ್ಯಾಲಿಫೋರ್ನಿಯಾದ ಸನಿವೇಲ್‌ನಾಗ. ಅದ ವಾರ ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್ ತಂಡ ಡೆಟ್ರಾಯಿಟ್‌ನವರನ್ನ ಸೋಲಿಸಿ ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಗೆದ್ದಿತ್ತು. ದವಾಖಾನಿ ಕಿಡಕಿ ಹೊರಗ ಕಾರಿನ ಹಾರ್ನ್ ನಿಲ್ಲವಲ್ವು. ನರ್ಸ್ ಒಬ್ಬಾಕಿ ಕೂಸಿಗೆ ಕಿತ್ತಳಿ ಬಣ್ಣದ ಕುಂಚಿಗಿ ಹಾಕಿ ತಂದು ನನ್ನ ಕೈಯಾಗ ಕೊಟ್ಲು. “ಹುಟ್ಟೂದ್ರಾಗ ಪಾರ್ಟಿ ಸೇರಿಬಿಟ್ಟ ನೋಡು ಇಂವ” ಅಂತ ಇವ್ರು ನಕ್ಕಿದ್ರು.

ಇವ್ರು ಹುಬ್ಬಳ್ಳಿಯವ್ರು, ಕ್ರಿಕೆಟ್ ಮಂದಿ. ಬೇಸ್‌ಬಾಲ್ ಅಂದ್ರ ಇವ್ರಿಗೆ “ದೊಡ್ಡವ್ರು ಪಗಾರ ತಗೊಂಡು ಆಡೂ ಚಿನ್ನಿದಾಂಡು”. ಆದ್ರ ಮಗ ಆರು ವರ್ಷದಾಂವ ಇದ್ದಾಗಿಂದ ಕೈಗೊಂದು ಚರ್ಮದ ಗ್ಲೌಸ್ ಸಿಗಿಸಿಕೊಂಡು ಓಡಾಡಲಿಕ್ಕೆ ಹತ್ತಿದ. ಶನಿವಾರ ಶನಿವಾರ ಪಾರ್ಕಿನಾಗ ಅವನ ಲಿಟಲ್ ಲೀಗ್ ಆಟ. ನಾ ಹೋಗ್ತಿದ್ದೆ, ಕಟ್ಟಿ ಮ್ಯಾಲೆ ಕೂತು ಮೆಂತೇ ಪಲ್ಯಾ ಸೋಸ್ತಿದ್ದೆ. ಮಂದಿ ಚಪ್ಪಾಳಿ ಹೊಡೆದಾಗ ತಲಿ ಎತ್ತಿ ನಾನೂ ಹೊಡೀತಿದ್ದೆ. ಮನಿಗೆ ಬರ್ತ ಕಾರಿನಾಗ ಅಂವ ಎಲ್ಲಾ ತಿಳಿಸಿ ಹೇಳಾಂವ. “ಅಮ್ಮಾ, ಮೂರು ಔಟ್ ಆದ್ರ ಒಂದು ಪಾಳಿ ಮುಗೀತು. ಹಿಂಗ ಒಂಬತ್ತು ಪಾಳಿ. ನಾಕು ಮೂಲಿ ಸುತ್ತಿ ಹೊಳ್ಳಿ ಮನಿಗೆ ಬಂದ್ರ ಒಂದು ರನ್.” ನಾ “ಹೂಂ, ಹೂಂ” ಅಂತಿದ್ದೆ. ರಾತ್ರಿ ಅಡಿಗಿಗೆ ಏನ ಮಾಡ್ಲಿ ಅಂತ ತಲಿಯೊಳಗ ನಡದಿರ್ತಿತ್ತು. “ಅಮ್ಮಾ, ನೀ ಕೇಳಲಿಕ್ಕೆ ಹತ್ತಿಯೇನು?” ಅಂತ ನಡುನಡುವೆ ಕೇಳಾಂವ. “ಕೇಳಾಕತ್ತೀನಪಾ ರಾಜಾ” ಅಂತಿದ್ದೆ. ಸುಳ್ಳು ಹೇಳ್ತಿದ್ದೆ.

2021ರ ನವೆಂಬರ್‌ನಾಗ ಅವನ ಕಾಲ ಮ್ಯಾಲೆ ನೀಲಿ ಕಲಿ ಕಾಣಿಸಿಕೊಂಡ್ವು. ಆಡೂ ಹುಡುಗ, ಜಾರಿ ಬೀಳ್ತಾನ, ಬಡಕೊಂಡಿರ್ತಾನ ಅಂತ ನಾ ಅರಿಷಿಣ ಕೊಬ್ಬರಿ ಎಣ್ಣಿ ಹಚ್ಚಿದೆ. ಹಿಂಗ ಮೂರು ವಾರ. ನಾಕನೇ ವಾರ ಮೂಗಿನಿಂದ ರಕ್ತ ಬಂತು, ನಿಲ್ಲಲೇ ಇಲ್ಲ. ರಕ್ತದ ಕ್ಯಾನ್ಸರ್ ಅಂದ್ರು. ಹದಿನಾಕು ತಿಂಗಳು ಇದ್ದ. 2023ರ ಫೆಬ್ರುವರಿಯೊಳಗ ಹೋದ. ಹತ್ತು ವರ್ಷ ನಾಕು ತಿಂಗಳು.

ಆ ಹದಿನಾಕು ತಿಂಗಳಿನ ಬಗ್ಗೆ ನಾ ಬರಿಯೂದಿಲ್ಲ. ಆದ್ರ ಆ ಮೂರು ವಾರ ಅವಲ್ಲ, ಅವು ನನ್ನ ಬಿಡೂದಿಲ್ಲ. ಡಾಕ್ಟರು ಒಂದ ಸಲ ಅಲ್ಲ, ಮೂರ್ನಾಕು ಸಲ ಹೇಳಿದ್ರು, ಮೂರು ವಾರ ಮೊದಲ ಬಂದಿದ್ರೂ ಇದ ಔಷಧ, ಇದ ಹಾದಿ ಅಂತ. ಕಿವಿ ಕೇಳ್ತು, ಹೊಟ್ಟಿ ಕೇಳಲಿಲ್ಲ. ರಾತ್ರಿ ಎಚ್ಚರ ಆದಾಗ ನನ್ನ ಬಟ್ಟಿಗೆ ಅರಿಷಿಣದ ವಾಸನಿ ಬರ್ತಿತ್ತು.

ಇನ್ನ ಒಂದು ಹೇಳಬೇಕು. ನಮ್ಮ ಕಡೆ ಮನ್ಯಾಗ ಯಾರರ ತೀರಿಕೊಂಡ್ರ ದಿವಸ ಮಾಡಿ, ಅವತ್ತ ಎಲ್ಲಾರಿಗೂ ಸಿಹಿ ಊಟ ಹಾಕ್ತಾರ. ನಮ್ಮ ಅಜ್ಜಿ ಹೋದಾಗ ನನಗ ಹನ್ನೊಂದು ವರ್ಷ. ನಮ್ಮಪ್ಪ ಎಲಿ ಮುಂದ ಕೂತು ಹೋಳಿಗಿ ಮುಟ್ಟವಲ್ಲ. ಸೋದರತ್ತಿ ಬಂದು ಒಂದು ತುತ್ತು ಮುರಿದು ಅವನ ಬಾಯಾಗ ಇಟ್ಟು, “ಆತು ತಮ್ಮಾ, ಇನ್ನ ಮನೀ ನಡಸು” ಅಂದ್ಲು. ಅಪ್ಪ ಅಳಕೋತ ನುಂಗಿದ. ಆಗ ನನಗದು ತಿಳಿದಿರಲಿಲ್ಲ. ದುಃಖ ಮುಗೀತು ಅಂತ ಯಾರೂ ಹೇಳಾಕತ್ತಿರಲಿಲ್ಲ. ಇನ್ನ ಮ್ಯಾಲೆ ಸಿಹಿ ತಿಂದ್ರ ತಪ್ಪಲ್ಲ ಅಂತ ಹಿರ್ಯಾರು ಅಪ್ಪಣಿ ಕೊಡಾಕತ್ತಿದ್ರು.

ನಮ್ಮ ಹುಡುಗಗ ಅದ್ಯಾವುದೂ ಆಗಲಿಲ್ಲ. “ಸಣ್ಣ ಹುಡುಗ, ಅವಂಗ ಹಂಗೆಲ್ಲ ಮಾಡೂದಿಲ್ಲ” ಅಂತ ಊರಿಂದ ಫೋನಿನಾಗ ಹೇಳಿದ್ರು. ಇಲ್ಲೆ ಇದ್ದ ನಾಕು ಮಂದಿ ಗೆಳೆಯರು ವಾರ ದಿವಸ ಸಾರು, ಅನ್ನ ತಂದಿಟ್ಟು ಹೋದ್ರು. ಆಮ್ಯಾಲೆ ಬಾಗಲಾ ಹಾಕಿಕೊಂಡು ಮೂರು ಮಂದಿ ಉಳಿದ್ವಿ. ಸಿಹಿ ಊಟದ ದಿನ ಅನ್ನೂದು ನಮಗ ಬರಲೇ ಇಲ್ಲ, ನಾನೂ ಸಿಹಿ ತಿನ್ನಲಿಲ್ಲ. ಹರಕಿ ಅಲ್ಲ, ವ್ರತ ಅಲ್ಲ. ಗಂಟಲಾಗ ಇಳೀತಿರಲಿಲ್ಲ, ಅಷ್ಟ. ಮಗಳ ಹುಟ್ಟಿದ ಹಬ್ಬಕ್ಕ ಕೇಕ್ ಕೊಯ್ದು ಎಲ್ಲಾರಿಗೂ ಹಂಚಿ, ನನ್ನ ಪಾಲು ಸಿಂಕಿನಾಗ ಹಾಕಿ ನೀರು ಬಿಟ್ಟೆ. ಮಗಳು ಬಾಗಲದಾಗ ನಿಂತು ನೋಡಿದ್ಲು.

ಎರಡು ವರ್ಷ ದಾಟಿ ಮೂರನೇ ಬ್ಯಾಸಗಿ ಬಂತು. ಇವ್ರ ಆಫೀಸಿನಾಗ ಯಾರೋ ಜೈಂಟ್ಸ್ ಆಟದ್ದು ನಾಕು ಟಿಕೆಟ್ ಕೊಟ್ರು, ಭಾನುವಾರ ಮಧ್ಯಾಹ್ನದ್ದು. ಇವ್ರು ಅವನ್ನ ಫ್ರಿಜ್ ಮ್ಯಾಲೆ ಇಟ್ಟು, “ಹೊಳ್ಳಿ ಕೊಟ್ಟರಾತು” ಅಂದ್ರು. ನಾ ಹೂಂ ಅಂದೆ. ಅವತ್ತ ರಾತ್ರಿ ಮಗಳ ತಲಿ ಹಿಕ್ಕಲಿಕ್ಕೆ ಹತ್ತಿದ್ದೆ. ಎಂಟು ವರ್ಷದಾಕಿ. ಕನ್ನಡಿಯೊಳಗ ನನ್ನ ಮಾರಿ ನೋಡ್ಕೋತ ಕೇಳಿದ್ಲು:

“ಅಮ್ಮಾ, ನಾವು ಇನ್ನ ಮ್ಯಾಲೆ ಎಲ್ಲೂ ಹೋಗೂದಿಲ್ಲೇನು?”

ನಾ ಏನೂ ಅನಲಿಲ್ಲ.

“ಇಲ್ಲಂದ್ರ ಹೇಳು. ನಾ ದೊಡ್ಡಾಕಿ ಆದ ಮ್ಯಾಲೆ ಒಬ್ಬಾಕೀನ ಹೋಗ್ತೀನಿ.”

ಸಿಟ್ಟಿಲೆ ಅಂದಿದ್ರ ನಾ ಬೈದು ಸುಮ್ಮನಾಗಿಸ್ತಿದ್ದೆನೋ ಏನೋ. ಅಕಿ ಸಿಟ್ಟಿಲೆ ಅನಲಿಲ್ಲ. ಮಳಿ ಬರ್ತದೋ ಇಲ್ಲೋ ಅಂತ ಕೇಳಿಧಂಗ ಕೇಳಿದ್ಲು, ಛತ್ರಿ ತಗೊಳ್ಳೂದೋ ಬ್ಯಾಡೋ ಅಂತ ತಿಳಕೊಳ್ಳಲಿಕ್ಕೆ. ಜಡಿ ಹಾಕಿ ಮುಗಿಸಿ, ಫ್ರಿಜ್ ಮ್ಯಾಲಿನ ಟಿಕೆಟ್ ತೆಗೆದು ನನ್ನ ಪರ್ಸಿನಾಗ ಇಟ್ಕೊಂಡೆ.

ಆ ಮೈದಾನದೊಳಗ ಮನೀ ಊಟ ಒಯ್ಯಲಿಕ್ಕೆ ಬಿಡ್ತಾರ. ಚಪಾತಿಗೆ ತುಪ್ಪ, ಶೇಂಗಾ ಚಟ್ನಿ ಹಚ್ಚಿ ಸುರಳಿ ಸುತ್ತಿದೆ. ಸ್ವೆಟರ್ ತುಂಬಿದೆ. ಸನಿವೇಲ್‌ನಾಗ ಬಿಸಲು ಸುಡ್ತಿದ್ರೂ ಅಲ್ಲೆ ಸಮುದ್ರದ ಗಾಳಿ ಥಂಡಿ. ಸ್ಟೇಶನ್ನಿನಾಗ ನಿಂತ್ರ ಹೊಸಾ ಕರೆಂಟ್ ಗಾಡಿ ಬಂತು. ಮೊದಲಿದ್ದ ಡೀಸೆಲ್ ಗಾಡಿ ಭೋಂ ಅಂತ ಒದರಿಕೋತ ಬರ್ತಿತ್ತು, ಮಗ ಕಿವಿ ಮುಚ್ಚಿಕೊಂಡು ನಗತಿದ್ದ. ಇದು ಸಪ್ಪಳಿಲ್ಲದ ಬಂದು ನಿಂತು ಬಿಡ್ತು. ‘ಇದನ್ನ ಅಂವ ನೋಡಲಿಲ್ಲ’ ಅಂತ ಅನಿಸ್ತು. ಹಿಂಗ ದಿವಸಕ್ಕ ಹತ್ತು ಸಲ ಅನಿಸ್ತದ, ಒಪ್ಪಿಕೊಂಡೇನಿ. ಆದ್ರ ಅವತ್ತ ಎದ್ದು ಹೊಳ್ಳಿ ಹೋಗಿಬಿಡ್ಲಿ ಅಂತ ಕಾಲು ತಿರುಗಿದ್ವು. ಮಗಳು ನನ್ನ ಕೈ ಹಿಡಿದು ಗಾಡಿಯೊಳಗ ಎಳದ್ಲು.

ಆ ಮೈದಾನ ನೋಡದವರಿಗೆ ಎರಡ ಮಾತು ಹೇಳ್ತೀನಿ. 2000ದಾಗ ಕಟ್ಟಿದ್ದು, ಸಮುದ್ರದ ಕೊಲ್ಲಿಗೆ ಹತ್ತಿ ನಿಂತದ. ಬಲಗಡೆ ಇಟ್ಟಂಗಿ ಗ್ವಾಡಿ, 24 ಫೂಟು ಎತ್ತರ. ಜೈಂಟ್ಸ್ ತಂಡದ ದೊಡ್ಡ ಆಟಗಾರ ವಿಲ್ಲಿ ಮೇಸ್ ಅವರ ಅಂಗಿ ನಂಬರ್ 24. ಮುಂಬಾಗಲದಾಗ ಅವರ ಮೂರ್ತಿ, ಸುತ್ತ 24 ತಾಳೀ ಗಿಡ. ಗ್ವಾಡಿ ದಾಟಿ ಬಾಲ್ ಭಾಳ ದೂರ ಹಾರಿದ್ರ ನೀರಿನಾಗ ಬೀಳ್ತದ. ಅದನ್ನ ಹಿಡೀಲಿಕ್ಕಂತ ಮಂದಿ ಸಣ್ಣ ಸಣ್ಣ ದೋಣಿ ತಗೊಂಡು ಅಲ್ಲೆ ತೇಲಿಕೋತ ಕಾಯ್ತಾರ. ಎಡಗಡೆ ಆನಿ ಗಾತ್ರದ ಒಂದು ಹಳೇ ಕಾಲದ ಗ್ಲೌಸ್ ನಿಲ್ಲಿಸ್ಯಾರ. ನಮ್ಮ ಹುಡುಗ ಎರಡು ಸಲ ಇಲ್ಲೆ ಬಂದಿದ್ದ. ಎರಡೂ ಸಲ ಅದರ ಮುಂದ ನಿಂತು ಫೋಟೊ ತೆಗಿಸಿಕೊಂಡಿದ್ದ. ಎರಡೂ ಸಲ ಹೆಲ್ಮೆಟ್ಟಿನಾಗ ಐಸ್‌ಕ್ರೀಮ್ ತಿಂದಿದ್ದ. ಇಲ್ಲೆ ಐಸ್‌ಕ್ರೀಮನ್ನ ಸಣ್ಣ ಹೆಲ್ಮೆಟ್ಟಿನಾಗ ಹಾಕಿ ಕೊಡ್ತಾರ, ತಿಂದು ತೊಳದು ಮನಿಗೆ ಒಯ್ಯಬಹುದು. ಆ ಎರಡು ಹೆಲ್ಮೆಟ್ ಅವನ ಖೋಲಿ ಕಪಾಟಿನಾಗ ಅವ. ನಾ ಧೂಳ ಹೊಡೀತೀನಿ, ಮತ್ತ ಅಲ್ಲೇ ಇಡ್ತೀನಿ.

ನಮ್ಮವು ನಾಕು ಖುರ್ಚಿ. ನಾಕನೇದರ ಮ್ಯಾಲೆ ಸ್ವೆಟರ್, ಊಟದ ಚೀಲ ಇಟ್ವಿ. ಯಾರೂ ಏನೂ ಮಾತಾಡಲಿಲ್ಲ.

ಆಟ ಸುರು ಆತು. ಮಗಳು ಒಂದರ ಹಿಂದ ಒಂದು ಕೇಳಲಿಕ್ಕೆ ಹತ್ತಿದ್ಲು. ಅಂವ ಯಾಕ ಓಡಲಿಲ್ಲ? ಇಂವ ಹೊಡೀದನ ಯಾಕ ಮೊದಲನೇ ಮೂಲಿಗೆ ನಡಕೋತ ಹೊಂಟ? ಇವ್ರು, “ನನಗೇನ ಗೊತ್ತವ್ವಾ, ನಿಮ್ಮಣ್ಣನ್ನ...” ಅಂದು ಅಲ್ಲೇ ನಿಲ್ಲಿಸಿದ್ರು. ನಾ ಹೇಳಲಿಕ್ಕೆ ಹತ್ತಿದೆ. “ಬಾಲು ಆ ಚೌಕಿನ ಹೊರಗ ನಾಕು ಸಲ ಹೋದ್ರ ಬ್ಯಾಟಿನಾಂವಗ ಪುಕಸಟ್ಟೆ ಒಂದು ಮೂಲಿ.” “ಮ್ಯಾಲೆ ಹಾರಿದ ಬಾಲ್ ಕ್ಯಾಚ್ ಆಗೂ ತನಕ ಮೂಲಿ ಬಿಡಂಗಿಲ್ಲ. ಕ್ಯಾಚ್ ಆದ ಕೂಡಲೆ ಓಡಬಹುದು.” ಹೇಳಿಕೋತ ಹೇಳಿಕೋತ ನನಗ ಮೈ ಝುಂ ಅಂತು. ಇವೆಲ್ಲ ನನಗ ಹೆಂಗ ಗೊತ್ತು? ನಾ ಯಾವಾಗ ಕಲಿತೆ? ಕಾರಿನಾಗ ‘ಹೂಂ ಹೂಂ’ ಅಂತ ಸುಳ್ಳ ಹೇಳಿದ್ದೆ ಅಂತ ಎರಡು ವರ್ಷದಿಂದ ನನ್ನ ನಾ ಬೈಕೊಂಡಿದ್ದೆ. ತಲಿ ಅಡಿಗ್ಯಾಗ ಇದ್ರೂ ಕಿವಿ ಕೇಳಿಸಿಕೊಂಡಿತ್ತಲ್ರಿ. ಅವನ ಮಾತಿನ ಧಾಟೀನೂ ಬಂದಿತ್ತು. ಮಗಳು ನನ್ನ ನೋಡಿ, “ನೀ ಅಣ್ಣನಗತೆ ಹೇಳ್ತಿ” ಅಂದ್ಲು.

ಒಂದು ಮಾತ್ರ ನನಗ ಗೊತ್ತಿರಲಿಲ್ಲ. ಬಾಲ್ ಒಗಿಯಾಂವನ ಹಿಂದ ದೊಡ್ಡ ಅಂಕಿ ಗಡಿಯಾರ ಹಚ್ಚಿದ್ರು. 15, 14, 13 ಅಂತ ಕೆಳಗ ಇಳೀತಿತ್ತು. ನಮ್ಮ ಹುಡುಗ ಹೆಮ್ಮಿಯಿಂದ ಹೇಳ್ತಿದ್ದ, “ಅಮ್ಮಾ, ಬ್ಯಾರೆ ಎಲ್ಲಾ ಆಟಕ್ಕ ಟೈಮ್ ಅದ. ಇದಕ್ಕಿಲ್ಲ. ಕಡೀ ಔಟ್ ಆಗೂ ತನಕ ಯಾರೂ ಸೋತಿಲ್ಲ” ಅಂತ. ಈಗ ನೋಡಿದ್ರ ಗಡಿಯಾರ!

ನನ್ನ ಬಲಕ್ಕ ಒಬ್ಬ ಅಜ್ಜಿ ಕೂತಿದ್ರು. ಎಂಬತ್ತರ ಹತ್ರ ಇರಬೇಕು. ಬಿಳೀ ಕೂದಲು, ಕಿತ್ತಳಿ ಸ್ಕಾರ್ಫ್, ತೊಡಿ ಮ್ಯಾಲೆ ಒಂದು ದಪ್ಪ ಪುಸ್ತಕ, ಕೈಯಾಗ ಪೆನ್ಸಿಲ್. ಪ್ರತಿ ಬಾಲಿಗೂ ಏನೋ ಗುರುತು ಮಾಡ್ಕೋತಿದ್ರು. ಗಡಿಯಾರ ಯಾವಾಗಿಂದ ಅಂತ ಅವರನ್ನ ಕೇಳಿದೆ. “2023ರ ಸೀಸನ್ನಿಂದ” ಅಂದ್ರು. “ಮೂಲಿಯೊಳಗ ಯಾರೂ ಇಲ್ಲಂದ್ರ 15 ಸೆಕೆಂಡಿನಾಗ ಒಗೀಬೇಕು. ಯಾರರ ಇದ್ರ 18. ಆಟ ಲಗೂ ಮುಗೀತದ. ನನಗ ಲಗೂ ಮುಗಿಯೂದು ಬೇಕಿಲ್ಲ, ಆದ್ರ ನನ್ನ ಯಾರ ಕೇಳ್ತಾರ?”

2023ರ ಆಟ ಸುರು ಆಗೂದು ಮಾರ್ಚ್ ಕಡೀಗೆ. ಅಂವ ಹೋಗಿದ್ದು ಫೆಬ್ರುವರಿಯೊಳಗ. ಅವನ ಆಟಕ್ಕ ಗಡಿಯಾರ ಇರಲೇ ಇಲ್ಲ.

ಐದನೇ ಪಾಳಿಯೊಳಗ ಒಂದು ಆತು. ಎದುರಿನ ತಂಡದಾಂವ ಜೋರಾಗಿ ಹೊಡೆದ. ಬಾಲು ನೆಲ ಕಚ್ಚಿಕೊಂಡು ಬಂತು. ನಮ್ಮ ಹುಡುಗ ಒಬ್ಬಾಂವ ಉದ್ದಕ ಜಿಗಿದ, ಬಾಲು ಗ್ಲೌಸಿಗೆ ಬಡಿದು ಹೊರಗ ಹಾರ್ತು. ಒಂದು ರನ್ ಹೋತು. ಮಂದಿ ‘ಛೇ’ ಅಂದ್ರು. ದೊಡ್ಡ ಬೋರ್ಡಿನಾಗ ‘ಇ’ ಅನ್ನೂ ಅಕ್ಷರದ ಕೆಳಗ ಸೊನ್ನಿ ಹೋಗಿ ಒಂದು ಬಂತು. ಇ ಅಂದ್ರ ಎರರ್. ಬೇಸ್‌ಬಾಲಿನಾಗ ತಪ್ಪು ಮಾಡಿದ್ರ ಎಲ್ಲಾರಿಗೂ ಕಾಣೂಹಂಗ ಬೋರ್ಡಿನ ಮ್ಯಾಲೆ ಬರದಿಡ್ತಾರ. ಎಷ್ಟು ರನ್, ಎಷ್ಟು ಹಿಟ್, ಎಷ್ಟು ತಪ್ಪು.

ಆ ಒಂದನ್ನ ನೋಡಿಕೋತ ಕೂತೆ. ಆ ಹುಡುಗ ತಲಿ ಕೆಳಗ ಮಾಡಿ ಮಣ್ಣು ಒದೀತಿದ್ದ. ನನಗ ಅರಿಷಿಣದ ವಾಸನಿ ಬಂತು.

ಐದು ನಿಮಿಷ ಆಗಿರಬೇಕು. ಬೋರ್ಡಿನಾಗ ಆ ಒಂದು ಹೋಗಿ ಮತ್ತ ಸೊನ್ನಿ ಬಂತು. ಹಿಟ್ಟಿನ ಲೆಕ್ಕ ಒಂದು ಹೆಚ್ಚಾತು. ಅಜ್ಜಿ ತಮ್ಮ ಪುಸ್ತಕದಾಗ ರಬ್ಬರಿಲೆ ಅಳಿಸಿ ತಿದ್ದಿಕೊಂಡ್ರು. ಮಗಳು, “ಯಾಕ ಬದಲ ಮಾಡಿದ್ರು?” ಅಂದ್ಲು.

“ಮ್ಯಾಲೆ ಒಬ್ಬ ಸ್ಕೋರರ್ ಕೂತಿರ್ತಾನ” ಅಂದೆ. “ಬಾಲ್ ಬಿಟ್ಟದ್ದೆಲ್ಲ ಎರರ್ ಅಲ್ಲ. ಆ ಜಾಗದಾಗ ಆಡಾಂವ ಸಾದಾ ಪ್ರಯತ್ನ ಮಾಡಿದ್ರ ಹಿಡೀಬಹುದಿತ್ತು ಅಂದ್ರಷ್ಟ ಎರರ್. ಯಾರಿಂದಲೂ ಸಾದಾ ಪ್ರಯತ್ನದಾಗ ಆಗದ್ದಂದ್ರ, ಅದು ಹೊಡೆದಾಂವನ ಜೋರು. ಹಿಡೀದಾಂವನ ತಪ್ಪಲ್ಲ.”

ಹೇಳಿ ಮುಗಿಸಿ ಸುಮ್ಮನಾದೆ. ಇದನ್ನೂ ಅಂವನ ಹೇಳಿದ್ದ. ಒಂಬತ್ತು ವರ್ಷದಾಂವ ಇದ್ದಾಗ, ಅವನ ಕೈಯಾಗಿಂದ ಬಾಲು ಜಾರಿ ಆಟ ಸೋತು, ಕಾರಿನಾಗ ಅತ್ತುಕೋತ.

ಅಜ್ಜಿ ನನ್ನ ಕಡೆ ತಿರುಗಿ, “ಇನ್ನೊಂದು ಅದ. ಬಾಲು ಎಲ್ಲಿ ಬೀಳ್ತದ ಅಂತ ಅಂದಾಜು ತಪ್ಪಿದ್ರ, ಅದನ್ನೂ ನಾವು ಎರರ್ ಅಂತ ಬರಿಯೂದಿಲ್ಲ” ಅಂದ್ರು. ಆಮ್ಯಾಲೆ, “ನಿನಗ ಛಲೋ ಗೊತ್ತದ. ಯಾರು ಕಲಿಸಿದ್ರು?” ಅಂತ ಕೇಳಿದ್ರು.

“ನನ್ನ ಮಗ.”

“ಅಂವ ಇವತ್ತ ಬಂದಿಲ್ಲೇನು?”

ಈ ಪ್ರಶ್ನಿಗೆ ನಾ ಎರಡು ವರ್ಷದಿಂದ ಅಂಜೀನಿ. ಕಿರಾಣಿ ಅಂಗಡಿಯೊಳಗ ಯಾರರ ಎಷ್ಟು ಮಕ್ಕಳು ಅಂದ್ರ ಹೊಸಬರ ಮುಂದ ‘ಒಬ್ಬಾಕಿ’ ಅಂತಿದ್ದೆ. ಮನಿಗೆ ಬಂದು ಬಚ್ಚಲಾಗ ನಿಂತು ಅವನ ಕ್ಷಮಾ ಕೇಳ್ತಿದ್ದೆ. ಅವತ್ತ ಯಾಕೋ, ಆ ಥಂಡಿ ಗಾಳಿಯೊಳಗ, ಸೀದಾ ಬಂತು ಬಾಯಿಗೆ: “ಇಲ್ಲ. ಅಂವ ತೀರಿಕೊಂಡು ಎರಡು ವರ್ಷ ಆತು. ಹತ್ತು ವರ್ಷದಾಂವ ಇದ್ದ.”

ಅಜ್ಜಿ ‘ಅಯ್ಯೋ’ ಅನಲಿಲ್ಲ. ದೇವರ ಹೆಸರು ತಗೊಳ್ಳಲಿಲ್ಲ. ಹೆಂಗ ಆತು ಅಂತ ಕೇಳಲಿಲ್ಲ. ಒಂದು ಗಳಿಗಿ ಮೈದಾನ ನೋಡಿದ್ರು. ಆಮ್ಯಾಲೆ ಪುಸ್ತಕ, ಪೆನ್ಸಿಲ್ ಎರಡೂ ನನ್ನ ತೊಡಿ ಮ್ಯಾಲಿಟ್ಟು, “ನನ್ನ ಕೈ ಸೋತಾವ. ಮುಂದಿನ ಪಾಳಿ ನೀ ಬರಿ” ಅಂದ್ರು.

ನಮ್ಮ ಹುಡುಗನೂ ಇಂಥಾ ಪುಸ್ತಕ ಇಟ್ಟಿದ್ದ. ದವಾಖಾನಿ ಹಾಸಿಗಿ ಮ್ಯಾಲೆ ಕೂತು ಟೀವಿ ನೋಡಿ ಬರೀತಿದ್ದ. ಒಬ್ಬೊಬ್ಬರ ಜಾಗಕ್ಕೂ ಒಂದೊಂದು ನಂಬರ್ ಇರ್ತದ. ಬಾಲು ಒಗಿಯಾಂವ ಒಂದು, ಹಿಂದ ಹಿಡಿಯಾಂವ ಎರಡು, ಹಿಂಗ ಒಂಬತ್ತರ ತನಕ. ಬರಿಯೂದು ಎಷ್ಟೋ ಸಲ ನೋಡಿದ್ದೆ, ಒಮ್ಮೆನೂ ಕೈ ಹಚ್ಚಿದ್ದಿಲ್ಲ. ಆರನೇ ಪಾಳಿ ಪೂರಾ ನಾ ಬರದೆ. ಎರಡು ಕಡೆ ತಪ್ಪಿದೆ, ಅಜ್ಜಿ ಬಟ್ಟಿಟ್ಟು ತೋರಿಸಿದ್ರು, ತಿದ್ದಿದೆ. ಆ ಅರ್ಧಾ ತಾಸಿನೊಳಗ ನನಗ ಬ್ಯಾರೆ ಏನೂ ನೆನಪಿರಲಿಲ್ಲ. ಬಾಲು ಎಲ್ಲಿ ಹೋತು, ಯಾರ ಕೈಗೆ ಹೋತು, ಅಷ್ಟ.

ಏಳನೇ ಪಾಳಿ ನಡುವೆ ಎಲ್ಲಾರೂ ಎದ್ದು ನಿಂತು ಮೈ ಮುರಿದು ಹಾಡು ಹೇಳೂ ಪದ್ಧತಿ ಅದ. ಹಾಡು ಮುಗಿಯೂದ್ರಾಗ ಅಪ್ಪ ಮಗಳು ಎಲ್ಲೋ ಹೋಗಿ ಬಂದ್ರು. ಮಗಳ ಎರಡೂ ಕೈಯಾಗ ಒಂದೊಂದು ಹೆಲ್ಮೆಟ್. ಒಂದರಾಗ ಚಾಕಲೇಟು, ಒಂದರಾಗ ವೆನಿಲಾ. ಇವ್ರ ಕೈಯಾಗ ಬಳ್ಳೊಳ್ಳಿ ಹಾಕಿದ ಆಲೂಗಡ್ಡಿ ಫ್ರೈ. ಅದರ ವಾಸನಿ ನಾಕು ಸಾಲಿಗೆ ಹೊಡೀತಿತ್ತು. ಮಗಳು ವೆನಿಲಾ ನನ್ನ ಮುಂದ ಹಿಡಿದು ಸುಮ್ಮನ ನಿಂತ್ಲು. ತಿನ್ನು ಅನಲಿಲ್ಲ. ಸಿಂಕಿನ ಮುಂದ ನಿಂತು ನೋಡಿದ್ಲಲ್ಲ, ಅದ ಮಾರಿ.

ಇಸಕೊಂಡೆ. ಒಂದು ಚಮಚ ಬಾಯಾಗ ಇಟ್ಟೆ. ಥಂಡಿ, ಸಿಹಿ. ಗಂಟಲಾಗ ಇಳೀತು. ಇನ್ನೊಂದು ತಿಂದೆ. ಕಣ್ಣಾಗ ನೀರು ಬಂತು, ಖರೆ. ಆದ್ರ ರುಚೀನೂ ಹತ್ತಿತ್ತು, ಅದೂ ಖರೆ. ಎರಡೂ ಕೂಡೇ ಆದ್ವು. ಪೂರಾ ತಿಂದೆ. ತಳದಾಗಿನ ಕರಗಿದ್ದನ್ನ ಹೆಲ್ಮೆಟ್ ಎತ್ತಿ ಕುಡಿದೆ. ಇವ್ರು ಆ ಕಡೆ ಮಾರಿ ತಿರುಗಿಸಿ ಸಮುದ್ರದ ದೋಣಿ ಎಣಿಸ್ತಿದ್ರು.

ಎಂಟನೇ ಪಾಳಿಯೊಳಗ ನಮ್ಮವ ಒಬ್ಬಾಂವ ಬಲಗ್ವಾಡಿ ಕಡೆ ಹೊಡೆದ. ಬಾಲು ಏರಿತು ನೋಡ್ರಿ, ಮಂದಿ ಎಲ್ಲಾ ಎದ್ರು. ನಾನೂ ಎದ್ದೆ. “ಓಡೋ! ಓಡಪಾ, ಓಡೋ!” ಅಂತ ಧಾರವಾಡದ ಕನ್ನಡದಾಗ ಒದರಿದೆ. ಚಟ್ನಿ ಚೀಲ ಕೆಳಗ ಬಿತ್ತು. ಬಾಲು ಗ್ವಾಡಿ ತುದಿಗೆ ಬಡಿದು ಒಳಗ ಬಿತ್ತು, ಮೂರನೇ ಮೂಲಿಯಾಂವ ಮನಿಗೆ ಬಂದ. ನಾ ಅಜ್ಜಿ ಕೈ ಹಿಡಕೊಂಡು ಜಿಗೀತಿದ್ದೆ. ಇವ್ರೂ ಮಗಳೂ ಆಟ ಬಿಟ್ಟು ನನ್ನ ನೋಡ್ಲಿಕ್ಕೆ ಹತ್ತಿದ್ರು. ಆಮ್ಯಾಲೆ ಮೂರೂ ಮಂದಿ ನಕ್ವಿ. ಹೊಟ್ಟಿ ಹಿಡಕೊಂಡು ನಕ್ವಿ. ಹಂಗ ನಕ್ಕು ಎಷ್ಟು ದಿನ ಆಗಿತ್ತೋ.

ಆಟ ನಾವು ಸೋತ್ವಿ, ಒಂದು ರನ್ನಿನಿಂದ. ಅವತ್ತ ಆಟ ಮುಗಿದ ಮ್ಯಾಲೆ ಸಣ್ಣ ಹುಡುಗರನ್ನ ಮೈದಾನದಾಗ ಬಿಟ್ಟು ನಾಕು ಮೂಲಿ ಸುತ್ತಿಸಿದ್ರು. ಮಗಳು ಸಾಲಿನಾಗ ನಿಂತ್ಲು. ಹಿಂದೊಮ್ಮೆ ಅವಳಣ್ಣ ಹಿಂಗ ಓಡಿದ್ದು ನನಗ ನೆನಪದ, ಟೊಪಗಿ ಹಾರಿ ಬಿದ್ದಿತ್ತು. ಅಕಿ ಓಡಿದ್ಲು. ಜಡಿ ಹಾರಿಕೋತ, ಒಂದೊಂದು ಮೂಲಿ ಎರಡೂ ಕಾಲಿಲೆ ತುಳದು. ಮನಿ ಚೌಕ ಮುಟ್ಟಿದ ಮ್ಯಾಲೆ ಸುತ್ತ ನನ್ನ ಹುಡುಕಿದ್ಲು. ನಾ ಕೈ ಎತ್ತಿದೆ. ಆ ಹೊತ್ತಿನ್ಯಾಗ ನಾ ನೋಡಿದ್ದು ಅಕಿನ್ನ. ಅಕಿನ್ನ ಅಷ್ಟ. ಎರಡು ವರ್ಷದಿಂದ ಅಕಿನ್ನ ನೋಡಿದಾಗೆಲ್ಲ ಪಕ್ಕದಾಗಿನ ಖಾಲಿ ಜಾಗಾನ ನೋಡಿದ್ದೆ.

ಇಲ್ಲಿಗೇ ಮುಗಿಸಿದ್ರ ಛಲೋ ಕಾಣ್ತದ. ಆದ್ರ ಮನೀ ಸುದ್ದಿ ಹಂಗ ಮುಗಿಯೂದಿಲ್ಲ. ಹೊಳ್ಳಿ ಬರೂವಾಗ ಗಾಡಿಯೊಳಗ ಮಗಳು ತೊಡಿ ಮ್ಯಾಲೆ ಮಲಗಿದ್ಲು. ಆಗ ಹೊಟ್ಟಿಯೊಳಗ ಕಲ್ಲು ಬಿದ್ಧಂಗ ಆತು. ಮಗ ಇಲ್ಲ, ನಾ ಐಸ್‌ಕ್ರೀಮ್ ತಿಂದೆ. ಮಗ ಇಲ್ಲ, ನಾ ಜಿಗಿದು ಒದರಿದೆ. ಎಂಥಾ ತಾಯಿ ಇಕಿ? ಮನಿ ಮುಟ್ಟೂದ್ರಾಗ ಸಂಜಿ ಏಳಾಗಿತ್ತು. ಊರಾಗ ಸೋಮವಾರ ಮುಂಜಾನೆ. ಧಾರವಾಡಕ್ಕ ಅವ್ವಗ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ, ಐಸ್‌ಕ್ರೀಮ್ ಸೈತ.

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕುಕ್ಕರ್ ಸೀಟಿ ಕೇಳಿಸ್ತು. ಆಮ್ಯಾಲೆ, “ನಿನಗಿಂತ ಮುಂಚೆ ಒಂದು ಕೂಸು ಇತ್ತು, ಗೊತ್ತಲ್ಲ ನಿನಗ?” ಅಂದ್ಲು.

ಗೊತ್ತಿತ್ತು. ಅಷ್ಟ ಗೊತ್ತಿತ್ತು. ನಮ್ಮನ್ಯಾಗ ಅದರ ಮಾತು ಯಾರೂ ತೆಗೀತಿರಲಿಲ್ಲ.

“ಒಂದೂವರಿ ವರ್ಷದ್ದು. ಅದು ಹೋದ ವರ್ಷ ನಮ್ಮತ್ತಿ ನನ್ನ ಚಕ್ಕಡಿಯೊಳಗ ಹಾಕ್ಕೊಂಡು ಉಳವಿ ಜಾತ್ರಿಗೆ ಕರಕೊಂಡು ಹೋದ್ರು. ನಾ ಒಲ್ಲೆ ಅಂದೆ, ಬಿಡಲಿಲ್ಲ. ಅಲ್ಲೆ ಬಳಿ ಇಡಿಸಿದ್ರು. ಬೆಂಡು ಬತ್ತಾಸು ಕೊಡಿಸಿದ್ರು. ತೇರು ಎಳೂವಾಗ ನಾ ನಕ್ಕೆ ಅಂತ. ನನಗ ನೆನಪಿಲ್ಲ, ಅತ್ತ್ಯಾರು ಆಮ್ಯಾಲೆ ಹೇಳಿದ್ರು. ರಾತ್ರಿ ಚಕ್ಕಡಿ ಕೆಳಗ ಮಲಗಿ ಬಳಿ ಸಪ್ಪಳ ಆಗಬಾರದಂತ ಕೈ ಒತ್ತಿ ಹಿಡಕೊಂಡು ಅತ್ತೆ.”

“ಅವ್ವಾ...”

“ಅವತ್ತ ನಕ್ಕಿದ್ದಕ್ಕ ಕೂಸು ಮರೀತೇನು? ಈಗ ನನಗ ಎಪ್ಪತ್ತಾರು. ಇವತ್ತ ಮುಂಜಾನಿನೂ ನೆನಪಾಗಿತ್ತು.” ಆಮ್ಯಾಲೆ ದನಿ ಬದಲಿಸಿ, “ಅದೇನೋ ಐಸ್‌ಕ್ರೀಮು, ಯಾರು ಕೊಟ್ರು ಅಂದಿ?”

“ಪುಟ್ಟಿ ಕೊಟ್ಲು.”

“ಮನ್ಯಾಗಿನ ಹೆಣ್ಣುಮಗಳು ಕೊಟ್ಟಾಳ. ಆತು ಬಿಡು. ಇನ್ನ ಮನೀ ನಡಸು.”

ನಮ್ಮ ಸೋದರತ್ತಿ ಮಾತು ಅವ್ವಗ ನೆನಪಿತ್ತೋ, ಇಲ್ಲಾ ಎಲ್ಲಾ ಹಿರ್ಯಾರೂ ಹಂಗ ಅಂತಾರೋ, ನಾ ಕೇಳಲಿಲ್ಲ.

ಅವತ್ತ ರಾತ್ರಿ ಎರಡೂ ಹೆಲ್ಮೆಟ್ ತೊಳದೆ. ಮಗಳದು ಅಕಿ ಖೋಲಿಗೆ ಹೋತು, ಒಳಗ ಕ್ಲಿಪ್ಪು ರಿ‌ಬ್ಬನ್ನು ತುಂಬ್ಯಾಳ. ನನ್ನದನ್ನ ಅವನ ಕಪಾಟಿನಾಗ ಇಡಬೇಕಂತ ಒಯ್ದೆ. ಬಾಗಲಾ ತೆಗೆದು ನಿಂತೆ. ಅವನ ಎರಡು ಅಲ್ಲೇ ಇದ್ವು. ಪಕ್ಕಕ್ಕ ಇಟ್ಟೆ, ನೋಡಿದೆ, ಮತ್ತ ತೆಗೆದೆ. ಅವು ಅಂವ ತಿಂದದ್ದು. ಇದು ನಾ ತಿಂದದ್ದು. ಅಡಿಗಿಮನಿಗೆ ತಂದು ಬಳ್ಳೊಳ್ಳಿ ಹಾಕಿದೆ.

ಈಗಲೂ ಕೆಲವು ರಾತ್ರಿ ಎಚ್ಚರ ಆಗ್ತದ, ಮೂರು ವಾರ ನೆನಪಾಗ್ತಾವ. ಆಗ ಆ ಬೋರ್ಡು ನೆನಸಿಕೊಳ್ತೀನಿ, ಒಂದು ಹೋಗಿ ಸೊನ್ನಿ ಬಂದದ್ದು. ಎಲ್ಲಾ ರಾತ್ರಿ ಅದು ಕೆಲಸ ಮಾಡೂದಿಲ್ಲ. ಕೆಲವು ರಾತ್ರಿ ಮಾಡ್ತದ. ಕಿರಾಣಿ ಅಂಗಡಿಯೊಳಗ ಯಾರರ ಕೇಳಿದ್ರ ‘ಇಬ್ಬರು’ ಅಂತೀನಿ. ಮುಂದ ಕೇಳಿದ್ರ ಮುಂದಿಂದೂ ಹೇಳ್ತೀನಿ.

ಈ ಸಲ ಯುಗಾದಿಗೆ ಹೋಳಿಗಿ ಮಾಡಿದೆ. ಬ್ಯಾಳಿ ಸ್ವಲ್ಪ ಹೆಚ್ಚು ಬೆಂದು ಹೂರಣ ನೀರಾತು. ಮೂರು ವರ್ಷ ಕೈ ಬಿಟ್ಟಿತ್ತಲ್ಲ. ಮಗಳು ಮೂರು ತಿಂದ್ಲು. ನಾ ಒಂದು ತಿಂದೆ.